ಬ್ಯಾನಿ ಹತ್ತಿದಾಗಿನಿಂದ ಮೊದಲ ಹಾಲಿನವರೆಗೆ: ಸಿಸ್ಟರ್ ಕೈಯಲ್ಲಿ ಸಹಜ ಹೆರಿಗೆ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೊಡಕಿಲ್ಲದ ಹೆರಿಗೆ ಮಾಡಿಸುವವರು ಸಾಮಾನ್ಯವಾಗಿ ಸ್ಟಾಫ್ ನರ್ಸ್‌ಗಳೇ. ಊರವರ ಬಾಯಲ್ಲಿ ಸಿಸ್ಟರ್. ಹಿಂದೆ ಸೂಲಗಿತ್ತಿ ಮಾಡುತ್ತಿದ್ದಂತೆ ಬಳಿ ಕೂತು, ಬೆನ್ನು ತಿಕ್ಕಿ, ಧೈರ್ಯ ಹೇಳಿ, ಕೂಸನ್ನು ಕೈಗೆ ಇಳಿಸಿಕೊಳ್ಳುವುದು ಇವರ ಕೆಲಸ. ಅದರ ಜೊತೆ ಬಿ.ಪಿ. ನೋಡುವುದು, ಕೂಸಿನ ಎದೆಬಡಿತ ಎಣಿಸುವುದು, ರಕ್ತಸ್ರಾವ ತಡೆಯುವುದೂ ಇವರಿಗೆ ಗೊತ್ತು. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನರ್ಸಿಂಗ್ ಓದಿದವರಿಗೆ 18 ತಿಂಗಳ ಮಿಡ್‌ವೈಫರಿ (ಹೆರಿಗೆ ಮಾಡಿಸುವ ಕೆಲಸದ) ತರಬೇತಿ ಕೊಡುವ ವ್ಯವಸ್ಥೆಯೂ ಬಂದಿದೆ. ಈ ಬರಹ ಬಸುರಿಗೆ, ಅವಳ ಜೊತೆ ಹೆರಿಗೆ ಕೋಣೆಗೆ ಹೋಗುವ ತಾಯಿಗೆ, ಅತ್ತೆಗೆ ಇಲ್ಲವೇ ಅಕ್ಕನಿಗೆ. ಹೆರಿಗೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಕಾಯಬೇಕಾದಲ್ಲಿ ಅವಸರ ಮಾಡುತ್ತೇವೆ, ಓಡಬೇಕಾದಲ್ಲಿ ‘ಮುಂಜಾನೆ ನೋಡೋಣು’ ಅನ್ನುತ್ತೇವೆ.

ಸಿಸ್ಟರ್ ಸಾಕೋ, ದೊಡ್ಡ ದವಾಖಾನೆ ಬೇಕೋ

ಇದು ಬ್ಯಾನಿ (ಹೆರಿಗೆ ನೋವು) ಹತ್ತಿದ ಮೇಲೆ ಯೋಚಿಸುವ ವಿಷಯವಲ್ಲ, ಎಂಟನೇ ತಿಂಗಳಿಗೇ ತೀರ್ಮಾನ ಆಗಿರಬೇಕು. ಹಿಂದೆ ಸಿಸೇರಿಯನ್ ಆದವರು, ಅವಳಿ ಕೂಸು ಇರುವವರು, ಕೂಸು ಅಡ್ಡ ಇಲ್ಲವೇ ಕಾಲು ಕೆಳಗಾಗಿ ಮಲಗಿರುವವರು, ಬಿ.ಪಿ. 140/90 ಮುಟ್ಟಿದವರು, ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿರುವವರು, ಹಿಂದಿನ ಹೆರಿಗೆಯಲ್ಲಿ ರಕ್ತ ವಿಪರೀತ ಹೋದವರು ಆಪರೇಷನ್ನು, ರಕ್ತ ಎರಡೂ ಸಿಗುವ ಕಡೆ ಹೆರಬೇಕು. ಅಂದರೆ ಸೌಕರ್ಯವಿರುವ ತಾಲ್ಲೂಕು ಆಸ್ಪತ್ರೆ, ಅಥವಾ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. 37 ವಾರ ತುಂಬುವ ಮೊದಲೇ ಬ್ಯಾನಿ ಹತ್ತಿದವರೂ ಅಲ್ಲಿಗೇ. ಉಳಿದವರಿಗೆ ಸಿಸ್ಟರ್ ಕೈಯ ಹೆರಿಗೆ ಸುರಕ್ಷಿತ. ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಬಸುರಿಯರ ತಪಾಸಣೆಗೆ ಹೋದರೆ ಡಾಕ್ಟರೇ ಇದನ್ನು ಹೇಳುತ್ತಾರೆ.

ರಕ್ತ ಕಡಿಮೆ ಇದ್ದವರು ಕೆಂಪು ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮುಂದೆ ಹಿಂದೆ ಒಂದೊಂದು ತಾಸು ಬಿಡಿ. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವವರು, ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ ಮರಳುವವರು ತಪಾಸಣೆಯ ವಿವರ ಬರೆದಿರುವ ತಾಯಿ ಕಾರ್ಡ್ ಮರೆಯಬೇಡಿ, ಬಂದ ವಾರವೇ ಇಲ್ಲಿನ ಆಶಾ ಕಾರ್ಯಕರ್ತೆಗೆ ಹೆಸರು ಕೊಡಿ. ಹಿಂದಿನ ತಿಂಗಳುಗಳ ಬಿ.ಪಿ. ಗೊತ್ತಿದ್ದರೆ ಮಾತ್ರ ಇವತ್ತಿನ 130 ಹೊಸದೋ ಹಳೆಯದೋ ಎಂದು ಸಿಸ್ಟರ್ ಹೇಳಬಲ್ಲರು.

ಖರೇ ಬ್ಯಾನಿ ಯಾವುದು

ಸುಳ್ಳು ಬ್ಯಾನಿ ಮನಸ್ಸು ಬಂದಾಗ ಬರುತ್ತದೆ, ನಡೆದಾಡಿದರೆ ಇಲ್ಲವೇ ಮಲಗಿದರೆ ಹೋಗುತ್ತದೆ. ಖರೇ ಬ್ಯಾನಿ ಸೊಂಟದಿಂದ ಹೊಟ್ಟೆಗೆ ಸುತ್ತಿಕೊಂಡು ಬರುತ್ತದೆ, ಬರಬರುತ್ತ ಹತ್ತಿರವಾಗುತ್ತದೆ, ಬಲವಾಗುತ್ತದೆ. ಮೊಬೈಲಿನಲ್ಲಿ ಹೊತ್ತು ನೋಡಿ: ಒಂದು ಬ್ಯಾನಿ ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿಗೆ ಎಷ್ಟು ನಿಮಿಷ? ಚೊಚ್ಚಲಿನವರಿಗೆ 5 ನಿಮಿಷಕ್ಕೊಂದರಂತೆ, ಪ್ರತಿಯೊಂದೂ ಸುಮಾರು ಒಂದು ನಿಮಿಷ, ಒಂದು ತಾಸು ಬಿಡದೆ ಬಂದರೆ ಹೊರಡುವ ಹೊತ್ತು. ಎರಡನೆಯ, ಮೂರನೆಯ ಹೆರಿಗೆ ಬೇಗ ಆಗುತ್ತದೆ. 10 ನಿಮಿಷಕ್ಕೊಂದು ಆದಾಗಲೇ 108 ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಚಿಂಚೋಳಿ, ಔರಾದ್ ಕಡೆಯ ದೂರದ ತಾಂಡಾದವರು ಇನ್ನೂ ಮುಂಚೆ. ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ದಿನ ತುಂಬುವವರು ರಸ್ತೆ ಮುಳುಗುವ ಮುಂಚೆ ಹೊಳೆಯಿಂದ ದೂರದ ಬೀಗರ ಮನೆಗೋ ಆಸ್ಪತ್ರೆಯ ಹತ್ತಿರಕ್ಕೋ ಬಂದಿರುವುದು ಮೇಲು.

ಕೂಸಿನ ಸುತ್ತಲಿನ ನೀರು ಒಡೆದು ಹೋದರೆ ಬ್ಯಾನಿ ಇರಲಿ ಬಿಡಲಿ, ಹೊರಡಿ. ಬಟ್ಟೆಯನ್ನು ಹೊರಗಷ್ಟೇ ಇಟ್ಟುಕೊಂಡು ಬಣ್ಣ ನೋಡಿ. ತಿಳಿಯಾಗಿದ್ದರೆ ಸರಿ, ಹಸಿರು ಇಲ್ಲವೇ ಕಂದು ಇದ್ದರೆ ಕೂಸು ಒಳಗೇ ಹೇತಿದೆ ಎಂದರ್ಥ, ಸಿಸ್ಟರಿಗೆ ಮೊದಲ ಮಾತೇ ಅದಾಗಲಿ. ಹೊಕ್ಕುಳಬಳ್ಳಿ ಹೊರಗೆ ಕಂಡರೆ ಮುಟ್ಟಬೇಡಿ, ಒಳಗೆ ದೂಡಬೇಡಿ. ಮೊಣಕಾಲೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಇರಿಸಿ. ಆಗ ಕೂಸಿನ ತಲೆಯ ಭಾರ ಬಳ್ಳಿಯ ಮೇಲೆ ಬೀಳುವುದಿಲ್ಲ. ಹಾಗೇ ಗಾಡಿ ಹತ್ತಿಸಿ, ನೇರ ಆಪರೇಷನ್ ಆಗುವ ಆಸ್ಪತ್ರೆಗೆ.

ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನ್ ಕಾಗದ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಗೆದು ಬಿಸಿಲಿಗೆ ಒಣಗಿಸಿದ ಎರಡು ಹಳೆ ಕಾಟನ್ ಸೀರೆ, ಕೂಸಿನ ಟೋಪಿ, ಪ್ಯಾಡ್, ಲೋಟ, ನೀರಿನ ಬಾಟಲಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲಾ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೊಟ್ಟ ಹಕ್ಕು ಅದು.

ಹೆರಿಗೆ ಕೋಣೆಯಲ್ಲಿ

ಗರ್ಭಕೋಶದ ಬಾಯಿ 10 ಸೆಂ.ಮೀ. ತೆರೆಯಬೇಕು. ಮೊದಲ 5 ಸೆಂ.ಮೀ.ಗೆ ಹೊತ್ತಿನ ಲೆಕ್ಕವಿಲ್ಲ. ಚೊಚ್ಚಲಿನವರಿಗೆ ಒಂದು ಹಗಲು ಇಡೀ ಹೋಗಬಹುದು. ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ 12 ತಾಸು, ಹೆತ್ತವರಿಗೆ 10 ತಾಸು ದಾಟುವುದು ಅಪರೂಪ. ತಾಸಿಗೆ ಒಂದು ಸೆಂ.ಮೀ. ತೆರೆಯಲೇಬೇಕೆಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಕೈಬಿಟ್ಟಿದೆ. ಆದ್ದರಿಂದ ‘ಸಿಸ್ಟರ್, ಒಂದು ಬ್ಯಾನಿ ಇಂಜೆಕ್ಷನ್ ಮಾಡ್ರಿ, ಲಗೂ ಆಗ್ಲಿ’ ಎಂದು ದುಂಬಾಲು ಬೀಳಬೇಡಿ. ದಾರಿಯಲ್ಲಿ ಯಾರದೋ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಚುಚ್ಚಿಸಿಕೊಂಡು ಬರುವುದಂತೂ ಬೇಡವೇ ಬೇಡ. ಆ ಇಂಜೆಕ್ಷನ್ನಿನ ಔಷಧ ಆಕ್ಸಿಟೋಸಿನ್ ಒಮ್ಮೆಗೇ ಮೈಗೆ ಹೋದರೆ ಬ್ಯಾನಿ ಬಿಡುವಿಲ್ಲದೆ ಬಂದು ಕೂಸಿಗೆ ಉಸಿರು ಕಟ್ಟುತ್ತದೆ, ಗರ್ಭಕೋಶ ಹರಿಯಲೂಬಹುದು. ಕೊಡಲೇಬೇಕಾದರೆ ಆಪರೇಷನ್ ಸೌಕರ್ಯವಿರುವ ಕಡೆ, ಸಲೈನಿನಲ್ಲಿ, ಹನಿ ಲೆಕ್ಕ ಹಾಕಿ ಕೊಡುತ್ತಾರೆ.

ಸಿಸ್ಟರ್ ಅರ್ಧ ತಾಸಿಗೊಮ್ಮೆ ಕೂಸಿನ ಎದೆಬಡಿತ ಕೇಳಬೇಕು. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಒಳಗೆ ಕೈಹಾಕಿ ನೋಡುವುದು 4 ತಾಸಿಗೊಮ್ಮೆ ಸಾಕು. ಪದೇ ಪದೇ ನೋಡಿದರೆ ಬಾಯಿ ಬೇಗ ತೆರೆಯುವುದಿಲ್ಲ, ಸೋಂಕು ಮಾತ್ರ ಹತ್ತುತ್ತದೆ.

ಜೊತೆಗೊಬ್ಬ ಹೆಂಗಸು ಇರಲು ಸರಕಾರಿ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಹೆತ್ತ ಅನುಭವವಿದ್ದವಳಾದರೆ ಒಳ್ಳೆಯದು. ಲಂಬಾಣಿ, ತೆಲುಗು, ದಖನಿ ಮಾತಾಡುವ ಮನೆಯವರು ಕನ್ನಡವೂ ಬಲ್ಲವಳನ್ನು ಕರೆತನ್ನಿ. ನೋವಿನ ನಡುವೆ ಅರ್ಥವಾಗದ ಮಾತು ಹೆದರಿಕೆ ಹೆಚ್ಚಿಸುತ್ತದೆ. ಅವಳ ಕೆಲಸ ಅಳುವುದಲ್ಲ. ಬ್ಯಾನಿ ಬಂದಾಗ ಅಂಗೈ ಬುಡದಿಂದ ಸೊಂಟದ ಕೆಳಗಿನ ಎಲುಬನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಮೆಲ್ಲಗೆ ಸವರುವುದಷ್ಟೇ ಎಷ್ಟೋ ಸಲ ಸಾಲದು. ಬ್ಯಾನಿ ಬಿಟ್ಟಾಗ ನಾಲ್ಕು ಗುಟುಕು ನೀರು, ಮಜ್ಜಿಗೆ, ಗಂಜಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ನೀರು ಕುಡಿಯದ ಬಸುರಿ ಬೇಗ ಸೋಲುತ್ತಾಳೆ, ಬ್ಯಾನಿಯೂ ಸಡಿಲಾಗುತ್ತದೆ. 2 ತಾಸಿಗೊಮ್ಮೆ ಮೂತ್ರಕ್ಕೆ ಎಬ್ಬಿಸಿ. ತುಂಬಿದ ಮೂತ್ರಕೋಶ ಕೂಸಿನ ತಲೆ ಇಳಿಯಲು ಅಡ್ಡ ಬರುತ್ತದೆ, ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಲೂ ಬಿಡುವುದಿಲ್ಲ. ಇಷ್ಟು ಸಣ್ಣ ವಿಷಯ ಮರೆತೇ ಎಷ್ಟೋ ಹೆರಿಗೆ ನಿಧಾನವಾಗುತ್ತವೆ.

ಅಂಗಾತ ಮಲಗಿಸಬೇಡಿ, ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಕೂಸಿಗೆ ರಕ್ತ ಕಡಿಮೆಯಾಗುತ್ತದೆ. ನಡೆಯುವುದು, ಗೋಡೆಗೆ ಒರಗಿ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಎಡ ಮಗ್ಗಲು ಮಲಗುವುದು, ಬೆನ್ನುನೋವು ಜೋರಾದರೆ ಅಂಬೆಗಾಲು, ಯಾವುದು ಹಿತವೋ ಅದು.

ಮುಕ್ಕುವುದು ಯಾವಾಗ

ಕೂಸನ್ನು ಹೊರದೂಡಲು ಮುಕ್ಕಬೇಕಾದದ್ದು ಗರ್ಭಕೋಶದ ಬಾಯಿ ಪೂರ್ತಿ ತೆರೆದು, ಸಂಡಾಸ್ ಬಂದಂತೆ ತಾನಾಗಿ ಒತ್ತಡ ಬಂದಾಗ. ಅದಕ್ಕೂ ಮುಂಚೆ ‘ಮುಕ್ಕು, ಮುಕ್ಕು’ ಎಂದು ಕೂಗಿದರೆ ಗರ್ಭಕೋಶದ ಬಾಯಿ ಬಾತುಕೊಳ್ಳುತ್ತದೆ, ಹೆರುವವಳು ದಣಿಯುತ್ತಾಳೆ. ಯಾರೂ ಹೊಟ್ಟೆ ಮೇಲಿಂದ ಒತ್ತಬಾರದು, ಆಯಾಳೂ ಸಹ. ಎಲ್ಲರಿಗೂ ಕೆಳಗೆ ಕತ್ತರಿಸಿ ಹೊಲಿಗೆ ಹಾಕುವುದೂ ಅಗತ್ಯವಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಸಿಸ್ಟರ್ ಕೆಳಗೆ ಹಿಡಿದರೆ ದೊಡ್ಡದಾಗಿ ಹರಿಯುವುದು ಕಡಿಮೆಯಾಗುತ್ತದೆ. ತಲೆ ಪೂರ್ತಿ ಕಂಡಾಗ ಸಿಸ್ಟರ್ ‘ಈಗ ಮುಕ್ಕಬ್ಯಾಡವ್ವ’ ಅನ್ನುತ್ತಾರೆ; ಬಾಯಿ ತೆರೆದು ಹ್ಹ ಹ್ಹ ಎಂದು ಸಣ್ಣ ಉಸಿರು ಬಿಡಿ, ತಲೆ ನಿಧಾನ ಜಾರಲಿ. ಚೊಚ್ಚಲಿಗೆ ಈ ಹಂತ 3 ತಾಸು, ಹೆತ್ತವರಿಗೆ 2 ತಾಸು ದಾಟಬಾರದು.

ಕೂಸು ಬಿದ್ದ ಮೇಲಿನ ಒಂದು ತಾಸು

ಅವಸರ ಬೇಕಾದದ್ದು ಇಲ್ಲಿ. ಕೂಸನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಹಾಕಿ, ಒಣ ಬಟ್ಟೆ ಹೊದಿಸಿ. ಅಳದಿದ್ದರೆ ಬೆನ್ನು ತಿಕ್ಕುತ್ತಾರೆ. ಆಗಲೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಅಂಬು ಬ್ಯಾಗಿನಿಂದ (ಮೂಗು ಬಾಯಿಗೆ ಹಿಡಿದು ಒತ್ತುವ ಗಾಳಿಚೀಲ) ಗಾಳಿ ಕೊಡಬೇಕು. ಕಾಲು ಹಿಡಿದು ತಲೆಕೆಳಗು ಮಾಡಿ ಬಡಿಯುವ ಹಳೆಯ ಪದ್ಧತಿ ಬೇಡ. ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಾಸಿನ (ಪ್ಲಾಸೆಂಟಾ) ರಕ್ತ ಕೂಸಿಗೆ ಸೇರುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಕಡೆ ಇದು ಪುಕ್ಕಟೆ ಔಷಧ.

ಕೂಸು ಹುಟ್ಟಿದ ಮೊದಲ ನಿಮಿಷದಲ್ಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು. ಹೆರಿಗೆಗೆ ಮುಂಚೆ ಬೇಡವೆಂದ ಅದೇ ಔಷಧ, ಈಗ ಜೀವ ಉಳಿಸುತ್ತದೆ. ಇದು 2ರಿಂದ 8 ಡಿಗ್ರಿ ತಣ್ಣಗಿರಬೇಕು. ಕರೆಂಟ್ ಹೋದ ಬೇಸಿಗೆಯಲ್ಲಿ ಫ್ರಿಜ್ಜಿನ ಹೊರಗಿದ್ದರೆ ಬಲ ಕುಂದುತ್ತದೆ. ಮಾಸು ಅರ್ಧ ತಾಸಿನೊಳಗೆ ಬೀಳಬೇಕು. ಮನೆಯವರು ಜಗ್ಗಬಾರದು. ಬೀಳದಿದ್ದರೆ, ತುಂಡು ಒಳಗೇ ಉಳಿದಿದ್ದರೆ, ದೊಡ್ಡ ಆಸ್ಪತ್ರೆಗೆ.

ಜೊತೆಗಿದ್ದವಳು ಹೊಕ್ಕುಳಿನ ಹತ್ತಿರ ಕೈಯಿಟ್ಟು ನೋಡಲಿ. ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿ ಸಿಗಬೇಕು. ಮೆತ್ತಗಿದ್ದರೆ, 5 ನಿಮಿಷದೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ‘ಹೆತ್ತವಳಿಗೆ ರಕ್ತ ಹೋಗೋದು ಇದ್ದದ್ದೇ’ ಎಂದು ಸುಮ್ಮನಿರದೆ ಸಿಸ್ಟರನ್ನು ಕೂಗಿ ಕರೆಯಿರಿ. ಮೊದಲ 2 ತಾಸು 15 ನಿಮಿಷಕ್ಕೊಮ್ಮೆ ಹೀಗೆ ನೋಡಬೇಕು.

ಮೊದಲ ತಾಸಿನಲ್ಲೇ ಎದೆಹಾಲು. ಹಳದಿ ಬಣ್ಣದ ಮಂದ ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಔಡಲೆಣ್ಣೆ ನೆಕ್ಕಿಸಬೇಡಿ. ಹೊಕ್ಕುಳಿಗೆ ಅರಿಶಿಣ, ಬೂದಿ, ಎಣ್ಣೆ ಏನೂ ಬೇಡ, ಒಣಗಿರಲಿ ಸಾಕು. ಸ್ನಾನ 24 ತಾಸಿನ ನಂತರ. 1.8 ಕೆ.ಜಿ.ಗಿಂತ ಕಡಿಮೆ ತೂಗುವ ಕೂಸನ್ನು ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಒಯ್ಯಬೇಕು. ದಾರಿಯುದ್ದಕ್ಕೂ ತಾಯಿಯ ಎದೆಗೆ ತಾಗಿಸಿಕೊಂಡೇ.

ಮನೆಗೆ ಬಂದ ಮೇಲೆ

48 ತಾಸು ಆಸ್ಪತ್ರೆಯಲ್ಲೇ ಇರಿ. ‘ಹೊಲದಾಗ ಕೆಲಸ ಅದ’ ಎಂದು ಸಂಜೆಗೇ ಕರೆದೊಯ್ಯುವುದು ಅಪಾಯ, ರಕ್ತಸ್ರಾವವೂ ಬಿ.ಪಿ. ಏರಿ ಫಿಟ್ಸ್ ಬರುವುದೂ ಹೆರಿಗೆಯ ನಂತರವೂ ಉಂಟು. ತಲೆನೋವು, ಕಣ್ಣು ಮಂಜು, ನಾರುವ ಸ್ರಾವ, ಜ್ವರ ಕಂಡರೆ ಅದೇ ದಿನ ಮರಳಿ ಹೋಗಿ.

ಬಾಣಂತಿಯ ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟು ಬಾಗಿಲು ಮುಚ್ಚಿದರೆ ಹೊಗೆ ಕೂಸಿನ ಪುಪ್ಪುಸಕ್ಕೆ ಹೋಗುತ್ತದೆ. ಕೋಣೆ ಬೆಚ್ಚಗಿರಬೇಕಾದರೆ ಗಾಳಿಯ ಹೊಡೆತ ತಪ್ಪಿಸಿ, ಕೂಸಿಗೆ ಟೋಪಿ ಹಾಕಿದರೆ ಆಯಿತು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಬಿಡಿ. ಮಲ ಗಟ್ಟಿಯಾಗಿ ಹೊಲಿಗೆ ನೋಯುತ್ತದೆ, ಉರಿಮೂತ್ರ ಬರುತ್ತದೆ. ಅಂಟಿನ ಉಂಡಿ ಇರಲಿ, ಅದರ ಜೊತೆ ರೊಟ್ಟಿ, ತೊಗರಿ ಬ್ಯಾಳಿ, ಮೆಂತ್ಯೆ ಪಲ್ಯ, ತಿನ್ನುವವರಿಗೆ ಮೊಟ್ಟೆಯೂ ಇರಲಿ. ಕಬ್ಬಿಣದ ಗುಳಿಗೆ ಇನ್ನೂ 180 ದಿನ. ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಜ್ವರ ನೋಡುತ್ತಾರೆ. ತವರಿನಿಂದ ಗಂಡನ ಮನೆಗೆ ಹೋಗುವ ದಿನ ಗೊತ್ತಿದ್ದರೆ ಮುಂಚೆಯೇ ಹೇಳಿ, ಆ ಊರಿನ ಆಶಾಗೆ ಅವರೇ ತಿಳಿಸುತ್ತಾರೆ.