ಹಳೇ ಚೈನ್ ಸಾ ಬದುಕಿಸುವುದು ಹೇಗೆ: ಹೆಸರು ಹೇಳಿದರೆ ಸಿಗದ ಪಾರ್ಟು, ಅಳತೆ ಹೇಳಿದರೆ ಸಿಗುತ್ತದೆ

ತೋಟದ ಮನೆಯ ಅಟ್ಟದಲ್ಲೋ ಮರದ ಡಿಪೊದ ಮೂಲೆಯಲ್ಲೋ ಸ್ಟಿಲ್ 070, 038, ಹಸ್ಕ್‌ವರ್ನಾ 61, 268, 272ರಂಥ ಹಳೇ ಮರ ಕೊಯ್ಯುವ ಮಷಿನ್ ಬಿದ್ದಿದ್ದರೆ ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡಬೇಡಿ. ಹುಣಸೆ, ಜಾಲಿಯಂಥ ಗಟ್ಟಿ ಮರವನ್ನೂ ಕೊಯ್ಯಬಲ್ಲ ಎಂಜಿನ್‌ಗಳಿವು. 070 ಒಂದೇ ಸುಮಾರು 106 ಸಿಸಿ. ಅಂಗಡಿಗೆ ಹೋಗಿ ಮಾಡೆಲ್ ಹೆಸರು ಹೇಳಿದರೆ ‘ಅದು ಬರಲ್ಲ ಸಾರ್, ನಿಂತೋಯ್ತು’ ಎಂಬ ಉತ್ತರ ಸಿಗಬಹುದು. ಹಳೇ ಪಾರ್ಟಿನ ಮೇಲಿನ ನಂಬರು, ಇಲ್ಲವೇ ವರ್ನಿಯರ್‌ನಲ್ಲಿ ತೆಗೆದ ಅಳತೆ ಹೇಳಿದರೆ ಅದೇ ಅಂಗಡಿಯಲ್ಲಿ ಅರ್ಧ ಸಾಮಾನು ಸಿಕ್ಕಿಬಿಡುತ್ತದೆ.

ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ

ಕಾರ್ಬೊರೇಟರಿಗೆ ಕೈ ಹಾಕುವುದಕ್ಕೂ ಮುಂಚೆ ಸೈಲೆನ್ಸರ್ ತೆಗೆದು, ಹೊಗೆ ಹೋಗುವ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮಷಿನ್ ಯಾಕೆ ನಿಂತಿತು ಎಂಬುದು ಅಲ್ಲೇ ಬರೆದಿರುತ್ತದೆ. ಸೈಲೆನ್ಸರ್ ಕಡೆ ಮಾತ್ರ ಉದ್ದುದ್ದ ಗೀರು ಬಿದ್ದಿದ್ದರೆ ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾಗಿದೆ: ಎಲ್ಲೋ ಸೀಲು ಸೋರುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಸುತ್ತಲೂ ಉಜ್ಜಿಹೋಗಿದ್ದರೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಕಾರ್ಬೊರೇಟರ್ ಕಡೆ ಹೊಳಪಿಲ್ಲದೆ ಮಾಸಲಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ನಮ್ಮ ಬಯಲುಸೀಮೆಯ ಕೆಂಪು ಧೂಳಿಗೆ ಇದು ಮಾಮೂಲು. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ಒತ್ತಿ ಆರೇಳು ಸಲ ಹಗ್ಗ ಎಳೆಯಿರಿ. 130ರಿಂದ 150 ಪಿಎಸ್‌ಐ ಬಂದರೆ ಎಂಜಿನ್ ಗಟ್ಟಿಯಾಗಿದೆ. 100ಕ್ಕಿಂತ ಕೆಳಗಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ಒಳಭಾಗ) ನೋಡಲೇಬೇಕು. ಕ್ರ್ಯಾಂಕ್ ಕೇಸ್ ಸೀಳಿದ್ದರೆ, ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಡುತ್ತಿದ್ದರೆ ಆ ಮಷಿನ್ನನ್ನು ಪಾರ್ಟಿಗೆ ಇಟ್ಟುಕೊಳ್ಳಿ, ಅದಕ್ಕೆ ದುಡ್ಡು ಸುರಿಯಬೇಡಿ.

ಬಿಚ್ಚುವಾಗ

ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ರಟ್ಟಿನ ಮೇಲೆ ಮಷಿನ್ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಮೆಗ್ನೀಷಿಯಂ ಬಾಡಿ ಬಿರಿಯುತ್ತದೆ.

ಕ್ಲಚ್ ಬಿಚ್ಚುವಾಗ ಕ್ರ್ಯಾಂಕ್ ತಿರುಗದಂತೆ ತಡೆಯಬೇಕು. ಪಿಸ್ಟನ್ನನ್ನು ಕಿಂಡಿಗಳಿಗಿಂತ ಮೇಲಕ್ಕೆ ತಂದು, ಪ್ಲಗ್ ತೂತಿನಿಂದ ಸ್ಟಾರ್ಟರ್ ಹಗ್ಗದ ತುಂಡನ್ನು ಒಳಗೆ ತುರುಕಿ, ತುದಿ ಹೊರಗೇ ಇರಲಿ. ಹಗ್ಗ ಮೆತ್ತಗಿರುವುದರಿಂದ ಪಿಸ್ಟನ್‌ಗೆ ಏಟು ಬೀಳುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿದರೆ ಪಿಸ್ಟನ್ ತಲೆಗೆ ತೂತು ಬೀಳಬಹುದು. ಈ ಮಷಿನ್‌ಗಳಲ್ಲಿ ಬಹುತೇಕ ಕ್ಲಚ್‌ಗೆ ಇರುವುದು ಎಡ ಮರೆ (ಉಲ್ಟಾ ತಿರುಗುವ ಥ್ರೆಡ್). ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಡಕ್ಕೆ ಜಗ್ಗಿ ಕ್ರ್ಯಾಂಕ್ ಮರೆ ಕೀಳುವವರೇ ಹೆಚ್ಚು.

ಗೀರು ಬಿದ್ದ ಬೋರ್

ಬೋರ್‌ನಲ್ಲಿ ಕಾಣುವ ಬೆಳ್ಳಿ ಬಣ್ಣದ ಗೆರೆಯೆಲ್ಲ ಗೀರಲ್ಲ. ಎಷ್ಟೋ ಸಲ ಅದು ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಅಂಟಿಕೊಂಡದ್ದು. ಅದರಡಿಯ ಗಟ್ಟಿ ಲೇಪನ ಹಾಗೇ ಇರುತ್ತದೆ. ಕಿವಿ ಕಡ್ಡಿಯ ಹತ್ತಿಗೆ ಬಚ್ಚಲು ತೊಳೆಯುವ ಆಸಿಡ್ ಒಂದೆರಡು ತೊಟ್ಟು ಹಾಕಿ ಆ ಗೆರೆಗಷ್ಟೇ ಸವರಿ. ಅಲ್ಯುಮಿನಿಯಂ ಇದ್ದರೆ ನೊರೆ ಏಳುತ್ತದೆ. ಒರೆಸಿ, ಮತ್ತೆ ಸವರಿ. ನೊರೆ ನಿಂತಾಗ ನಿಲ್ಲಿಸಿ. ಕಿಂಡಿಯ ಅಂಚಿಗೆ, ಸಿಲಿಂಡರಿನ ಹೊರಮೈಗೆ ಒಂದು ಹನಿಯೂ ತಾಕಬಾರದು, ಅದು ಬರೀ ಅಲ್ಯುಮಿನಿಯಂ, ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲಿ ಮಾಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒಣಗಿಸಿ, ಕೂಡಲೇ ಆಯಿಲ್ ಸವರಿ. ಉಗುರು ಎಳೆದಾಗ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಬೋರ್ ಉಳಿಯಿತು. ಲೇಪನವೇ ಸಿಪ್ಪೆಯೆದ್ದಿದ್ದರೆ ಹೊಸ ಸಿಲಿಂಡರೇ ಗತಿ.

ಪಾರ್ಟು ಹುಡುಕುವ ಕ್ರಮ

ಕಂಪನಿಯವರು ಮಾಡೆಲ್ ಹೆಸರು ಬದಲಿಸಿದ್ದರಿಂದಲೇ ‘ನಿಂತುಹೋದ’ ಮಾಡೆಲ್‌ಗಳಿವೆ. ಸ್ಟಿಲ್ 038 ಮ್ಯಾಗ್ನಮ್ ಆಮೇಲೆ ಎಂಎಸ್ 380 ಆಯಿತು. 380ರ 52 ಮಿ.ಮೀ. ಪಿಸ್ಟನ್ ಕೇಳಿದರೆ ಸಾಕು. ಸ್ಟಿಲ್ ಪಾರ್ಟ್ ನಂಬರಿನ ಮೊದಲ ನಾಲ್ಕು ಅಂಕಿ ಮಷಿನ್‌ನ ಕುಲ ಹೇಳುತ್ತದೆ: 1119 ಎಂದರೆ 038 ಮತ್ತು 380, 1106 ಎಂದರೆ 070 ಮತ್ತು 090. ಹಸ್ಕ್‌ವರ್ನಾ 61, 268, 272 ಒಂದೇ ಮನೆತನದವು, ಬೋರ್ ಮಾತ್ರ ಕ್ರಮವಾಗಿ 48, 50, 52 ಮಿ.ಮೀ. ಹಾಗಾಗಿ ಒಂದರ ಕ್ಲಚ್, ಆಯಿಲ್ ಪಂಪ್ ಇನ್ನೊಂದಕ್ಕೆ ಆಗುವ ಸಾಧ್ಯತೆ ಹೆಚ್ಚು; ಹಳೆಯದನ್ನು ಜೊತೆಗಿಟ್ಟು ಹೋಲಿಸಿ ಕೊಳ್ಳಿ.

ಬೇರಿಂಗ್‌ಗೆ ಚೈನ್ ಸಾ ಅಂಗಡಿಯೇ ಬೇಕಿಲ್ಲ. ಹಳೇ ಬೇರಿಂಗ್ ಒರೆಸಿ ಅಂಚಿನ ನಂಬರ್ ಓದಿ. 6202, 6203ರಂಥ ಮಾಮೂಲಿ ನಂಬರ್ ಇದ್ದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ‘ಸಿ3’ ಎಂದು ಒತ್ತಿ ಕೇಳಿ. ಬಿಸಿಗೆ ಹಿಗ್ಗಲು ಅದರಲ್ಲಿ ಒಳಗೆ ಜಾಗ ಹೆಚ್ಚಿರುತ್ತದೆ. ಸಾದಾ ಬೇರಿಂಗ್ ಬಿಗಿಯುತ್ತದೆ. ಆಯಿಲ್ ಸೀಲಿಗೆ ಮೂರು ಅಳತೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಒಳ ವ್ಯಾಸವನ್ನು ಸವೆದ ಸೀಲಿನಿಂದ ತೆಗೆಯದೆ ಕ್ರ್ಯಾಂಕ್‌ನಿಂದಲೇ ತೆಗೆಯಿರಿ. ತುಮಕೂರಿನಲ್ಲಿ ಸಿಗದಿದ್ದರೆ ಈ ಮೂರು ಅಂಕಿ ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ.

ರಿಂಗ್ ವಿಷಯದಲ್ಲಿ ಮಾತ್ರ ಅಳತೆಯೊಂದೇ ಸಾಲದು. ಬೈಕಿನ ರಿಂಗ್ ಅದೇ ಬೋರ್, ಅದೇ ದಪ್ಪ ಇದ್ದರೂ ಅದರ ತುದಿ ಪಿಸ್ಟನ್‌ನಲ್ಲಿರುವ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ತಿರುಗಿ, ಕಿಂಡಿಗೆ ಸಿಕ್ಕಿ ಮುರಿದು ಬೋರನ್ನೇ ಹಾಳು ಮಾಡುತ್ತದೆ. ಹೊಸ ರಿಂಗನ್ನು ಬರೀ ಬೋರ್‌ಗೆ ಇಳಿಸಿ ತುದಿಗಳ ನಡುವೆ ಫೀಲರ್ ಗೇಜ್ ಇಡಿ, 50 ಮಿ.ಮೀ. ಬೋರ್‌ಗೆ ಸುಮಾರು 0.2 ಮಿ.ಮೀ. ಸಂದು ಬೇಕು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ. ಸರ್ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿ) ಹಳೆಯದನ್ನೇ ಮತ್ತೆ ಹಾಕಬೇಡಿ.

ಹಳೇ ಮಷಿನ್ ಪಾರ್ಟಿಗಾಗಿ ಕೊಳ್ಳುವುದಾದರೆ ಬಣ್ಣ ನೋಡಿ ಮೋಸ ಹೋಗಬೇಡಿ. ಮಾರುವವರ ಎದುರೇ ಸೈಲೆನ್ಸರ್ ತೆಗೆಸಿ ಪಿಸ್ಟನ್ ನೋಡಿ ದುಡ್ಡು ಕೊಡಿ.

ಗಾಳಿ ಸೋರಿಕೆ ಪರೀಕ್ಷೆ ಬಿಡಬೇಡಿ

ಇಡೀ ಕೆಲಸದಲ್ಲಿ ಎಲ್ಲರೂ ಹಾರಿಸುವ ಹಂತ ಇದು, ಹೊಸ ಪಿಸ್ಟನ್ ಸುಡುವುದೂ ಇದರಿಂದಲೇ. ಜೋಡಿಸಿದ ಎಂಜಿನ್‌ನ ಸೈಲೆನ್ಸರ್ ಬಾಯಿ, ಕಾರ್ಬೊರೇಟರ್ ಬಾಯಿ ಎರಡಕ್ಕೂ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿಗಿಯಿರಿ, ಪ್ಲಗ್ ಹಾಕಿ. ಇಂಪಲ್ಸ್ ಪೈಪಿನ (ಕ್ರ್ಯಾಂಕ್ ಕೇಸಿನ ಒತ್ತಡವನ್ನು ಕಾರ್ಬೊರೇಟರಿಗೆ ಒಯ್ಯುವ ಕೊಳವೆ) ಬಾಯಿಗೆ ಹಳೇ ಬಿ.ಪಿ. ಮಷಿನ್‌ನ ಬಲ್ಬ್ ಮತ್ತು ಡಯಲ್ ಸೇರಿಸಿ ಡಯಲ್‌ನಲ್ಲಿ 250ರವರೆಗೆ ಗಾಳಿ ತುಂಬಿ. ಮುಳ್ಳು ಅರ್ಧ ನಿಮಿಷ ಅಲುಗದೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಸವರಿ: ಎರಡು ಕಡೆಯ ಕ್ರ್ಯಾಂಕ್ ಸೀಲು, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರಿನ ರಬ್ಬರ್ ಬೂಟ್, ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಕಡೆ ಗುಳ್ಳೆ ಬರುತ್ತದೆ. ಒಳಗಿನಿಂದ ಒತ್ತಿದಾಗ ತಡೆಯುವ ಸೀಲು ಹೊರಗಿನ ಗಾಳಿಯನ್ನು ಎಳೆದುಕೊಳ್ಳಬಹುದು. ವ್ಯಾಕ್ಯೂಮ್ ಪಂಪ್ ಇರುವ ಮೆಕ್ಯಾನಿಕ್ ಬಳಿ ಅದನ್ನೂ ನೋಡಿಸಿ.

ಕಾರ್ಬೊರೇಟರ್, ಕಿಡಿ

ಡಯಾಫ್ರಾಮ್ (ಕಾರ್ಬೊರೇಟರಿನೊಳಗಿನ ತೆಳು ಪೊರೆ) ಕಿಟ್ ಕೊಳ್ಳುವಾಗ ಮಷಿನ್ ಹೆಸರಲ್ಲ, ಕಾರ್ಬೊರೇಟರ್ ಮೈಮೇಲೆ ಕೊರೆದ ವಾಲ್ಬ್ರೋ ಅಥವಾ ಟಿಲಟ್ಸನ್ ಕಂಪನಿಯ ನಂಬರ್ ಹೇಳಿ. ಹಳೇ ಡಯಾಫ್ರಾಮ್ ಬೆರಳಲ್ಲಿ ಒತ್ತಿದಾಗ ಒಣಗಿದ ಎಲೆಯ ಹಾಗೆ ಚರಚರ ಎಂದರೆ ಅದರ ಕಾಲ ಮುಗಿದಿದೆ. ಈಗಿನ ಎಥನಾಲ್ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ, ತೇವವನ್ನೂ ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಇಡಿ.

ಪ್ಲಗ್ ಸಂದು 0.5 ಮಿ.ಮೀ. ಕಾಯಿಲ್ ಮತ್ತು ಫ್ಲೈವೀಲ್ ನಡುವೆ 0.2ರಿಂದ 0.3 ಮಿ.ಮೀ. ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸಣ್ಣ ಸ್ವಿಚ್) ಇರುವ ಹಳೇ ಮಷಿನ್ನಾದರೆ ಕಿಡಿ ಹೋಗಿದೆ ಎಂದು ಕಾಯಿಲ್ ಕೊಳ್ಳುವ ಮೊದಲು ಪಾಯಿಂಟ್ ನಡುವೆ ಗಟ್ಟಿ ಕಾಗದ ಎಳೆದು ಒರೆಸಿ ನೋಡಿ.

ಚೈನ್ ಮತ್ತು ಬಾರ್

ಅಕ್ಕಪಕ್ಕದ ಮೂರು ರಿವೆಟ್ ನಡುವಿನ ದೂರ ಅಳೆದು ಎರಡರಿಂದ ಭಾಗಿಸಿ. 10.26 ಮಿ.ಮೀ. ಬಂದರೆ ಅದು .404 ಪಿಚ್, 9.3 ಬಂದರೆ 3/8, 8.25 ಬಂದರೆ .325. ಅದರ ಜೊತೆ ಬಾರ್‌ನ (ಚೈನ್ ಸುತ್ತುವ ಪಟ್ಟಿ) ಅಂಚಿನ ಕೊರಕಲಿನ ಅಗಲ, ಅದರೊಳಗೆ ಓಡುವ ಚೈನ್‌ನ ಕೆಳಗಿನ ಹಲ್ಲುಗಳ ಎಣಿಕೆ ಹೇಳಿದರೆ ರೀಲಿನಿಂದ ಕತ್ತರಿಸಿ ರಿವೆಟ್ ಮಾಡಿಕೊಡುತ್ತಾರೆ. ಹಲ್ಲು ಹರಿತ ಮಾಡುವ ದುಂಡು ಅರ ಕ್ರಮವಾಗಿ 5.5, 5.2, 4.8 ಮಿ.ಮೀ. ಸ್ಪ್ರಾಕೆಟ್‌ನಲ್ಲಿ ಅರ್ಧ ಮಿ.ಮೀ.ಗಿಂತ ಆಳದ ಕಚ್ಚು ಬಿದ್ದಿದ್ದರೆ ಬದಲಿಸಿ, ಇಲ್ಲದಿದ್ದರೆ ಹೊಸ ಚೈನ್ ಬೇಗ ಸವೆಯುತ್ತದೆ. ತೆಂಗಿನ ಮರ ಕೊಯ್ಯುವವರು ಅರವನ್ನು ಜೇಬಲ್ಲೇ ಇಟ್ಟುಕೊಳ್ಳಬೇಕು. ತೆಂಗಿನ ನಾರು ಹಲ್ಲನ್ನು ಮರಳಿನ ಹಾಗೆ ತಿನ್ನುತ್ತದೆ. ಬಾರ್‌ಗೆ ಸುಟ್ಟ ಎಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿರುವ ಲೋಹದ ಪುಡಿ ಪಂಪ್ ತಿನ್ನುತ್ತದೆ.

ಮೊದಲ ಸ್ಟಾರ್ಟ್

ಎಫ್‌ಡಿ ದರ್ಜೆಯ 2ಟಿ (ಟೂ-ಸ್ಟ್ರೋಕ್) ಆಯಿಲ್ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಹಾಕಿದರೆ 1:50. ಮಷಿನ್ ಪುಸ್ತಕದಲ್ಲಿ 1:25 ಎಂದಿದ್ದರೆ 40 ಮಿ.ಲೀ. ಕಾರ್ಬೊರೇಟರಿನ ಎಚ್ (ಹೆಚ್ಚು ವೇಗದ), ಎಲ್ (ಕಡಿಮೆ ವೇಗದ) ಎರಡೂ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ತೆರೆದು ಶುರು ಮಾಡಿ. ಎಂಜಿನ್ ಕಾದ ಮೇಲೆ ಮೊದಲು ಎಲ್ ಹೊಂದಿಸಿ. ಐಡಲ್‌ನಲ್ಲಿ ಚೈನ್ ತಿರುಗಬಾರದು. ಎಚ್ ಎಷ್ಟಿರಬೇಕೆಂದರೆ, ಖಾಲಿ ರೇಸ್ ಮಾಡಿದಾಗ ಸದ್ದು ಸ್ವಲ್ಪ ಒಡೆದಂತಿರಬೇಕು, ಮರಕ್ಕೆ ಒತ್ತಿದಾಗ ತಿಳಿಯಾಗಬೇಕು. ಒತ್ತುವ ಮುಂಚೆಯೇ ಕಿವಿ ಚುಚ್ಚುವಂತೆ ಕೂಗಿದರೆ ಪೆಟ್ರೋಲ್ ಸಾಲುತ್ತಿಲ್ಲ, ಕೂಡಲೇ ಆರಿಸಿ ಎಚ್ ಸ್ವಲ್ಪ ತೆರೆಯಿರಿ.

ತುಂಬ ಹಳೇ ಮಷಿನ್‌ಗಳಲ್ಲಿ ಚೈನ್ ಬ್ರೇಕ್ ಇರುವುದಿಲ್ಲ. ಅಂಥದ್ದನ್ನು ನೆಲದ ಮೇಲೆ ಬಿದ್ದ ದಿಮ್ಮಿಗೆ ಮಾತ್ರ ಬಳಸಿ, ಮರ ಹತ್ತುವವರ ಕೈಗೆ ಕೊಡಲೇಬೇಡಿ. ಮೊದಲ ಟ್ಯಾಂಕ್ ಮುಗಿಯುವವರೆಗೆ, ಎಚ್ ಹೊಂದಿಸುವಾಗ ಬಿಟ್ಟರೆ, ಪೂರ್ತಿ ರೇಸ್ ಬೇಡ. ತಣ್ಣಗಾದ ಮೇಲೆ ಸಿಲಿಂಡರ್, ಸೈಲೆನ್ಸರ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿದು ಪ್ಲಗ್ ತೆಗೆದು ನೋಡಿ: ಕಾಫಿ ಪುಡಿಯ ಬಣ್ಣ ಬಂದಿದ್ದರೆ ಸರಿ, ಬೂದಿಯಂತೆ ಬೆಳ್ಳಗಿದ್ದರೆ ಮತ್ತೆ ಗಾಳಿ ಸೋರಿಕೆ ಪರೀಕ್ಷೆಗೆ ಹಿಂತಿರುಗಿ.