ಎದೆಯೊಳಗಿನ ಕಥೆಯನ್ನು ಹೊರಗಿಡುವ ಬಗೆ

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳಿಗೆ ನುಗ್ಗಿದಾಗ, ಕಾಳಜಿ ಕೇಂದ್ರಗಳಲ್ಲಿ ಕುಳಿತಿದ್ದ ನಮಗೆ ಬಂದುಹೋಗುವವರೆಲ್ಲ ಹೇಳುತ್ತಿದ್ದ ಮಾತು ಒಂದೇ ಆಗಿತ್ತು: "ಆಗಿದ್ದು ಆಗಿ ಹೋತು, ಬಿಡ್ರಿ." ಹೇಳಿದವರದು ಒಳ್ಳೆಯ ಮನಸ್ಸೇ ಆದರೂ, ಆ ಮಾತು ಕೇಳಿದ ಮೇಲೆ ಬಾಯಿ ತೆರೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಅದೇ ಜನ "ನೋಡ್ರಿ, ಎಷ್ಟು ಗಟ್ಟಿ ಆಗ್ಯಾರ" ಎಂದು ನಮ್ಮನ್ನೇ ವೇದಿಕೆಗೆ ಕರೆದು ಕೈಗೆ ಮೈಕು ಕೊಡುತ್ತಾರೆ. ಬಿಡು ಎನ್ನುವವರಿಗೂ ಹೇಳು ಎನ್ನುವವರಿಗೂ ಸಿಕ್ಕಿಹಾಕಿಕೊಳ್ಳದೆ, ತನ್ನ ಕಥೆಯನ್ನು ತನ್ನದೇ ಅಳತೆಯಲ್ಲಿ ಹೇಳಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಏಟೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಆಘಾತದ ನಂತರದ ಬೆಳವಣಿಗೆ ಎಂಬ ವಿಷಯವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೌನ್ ಅವರು 1996ರಲ್ಲಿ 21 ಹೇಳಿಕೆಗಳ ಒಂದು ಅಳತೆಪಟ್ಟಿಯನ್ನು ಪ್ರಕಟಿಸಿದರು. ಇತರರೊಡನೆ ಸಂಬಂಧ, ಹೊಸ ದಾರಿಗಳು, ಒಳಗಿನ ಶಕ್ತಿಯ ಅರಿವು, ಬದುಕಿನ ಬೆಲೆ, ಆಧ್ಯಾತ್ಮಿಕ ಬದಲಾವಣೆ ಎಂಬ ಐದು ನೆಲೆಗಳಲ್ಲಿ ಅವರು ಬೆಳವಣಿಗೆಯನ್ನು ಗುರುತಿಸಿದರು. ಆದರೆ ಬೆಳವಣಿಗೆ ಬರುವುದು ಏಟಿನಿಂದಲ್ಲ, ಏಟು ತಿಂದ ಮೇಲಿನ ಸೆಣಸಾಟದಿಂದ ಎಂದೂ, ನೋವು ಮತ್ತು ಬೆಳವಣಿಗೆ ಒಂದೇ ಮನುಷ್ಯನಲ್ಲಿ ಒಟ್ಟಿಗೇ ಇರಬಲ್ಲವು ಎಂದೂ ಅವರು ಹೇಳಿದ್ದು ಬಹಳ ಜನರ ಕಿವಿಗೆ ಬೀಳುವುದಿಲ್ಲ. ಆದ್ದರಿಂದ "ಆಗಿದ್ದು ಒಳ್ಳೆಯದಕ್ಕೇ" ಎಂದು ಹೇಳುವ ಹಂಗು ನಿಮಗಿಲ್ಲ, ಪೂರ್ತಿ ಗುಣವಾಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂಬ ನಿಯಮವೂ ಇಲ್ಲ.

ಹಾಗೆಂದು ಹಸಿಗಾಯವನ್ನು ಸಭೆಯಲ್ಲಿ ಬಿಚ್ಚಬಾರದು. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ವಿವರವಾಗಿ ಹೇಳಿಸುವ ಪದ್ಧತಿಯೊಂದು ಹಿಂದೆ ಚಾಲ್ತಿಯಲ್ಲಿತ್ತು. ಅದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲವೆಂದು ಗೊತ್ತಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡವೆಂದೇ ಹೇಳುತ್ತದೆ. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು ಸರಳ ದಾರಿಯೊಂದಿದೆ. ಮನೆಯಲ್ಲಿ ಒಬ್ಬರೇ ಕುಳಿತು ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ನೆನೆಯಿರಿ. ಕಣ್ಣು ತುಂಬಿ ಬಂದರೆ ಅದು ಸಹಜ, ಅಂಜಬೇಕಾಗಿಲ್ಲ. ಆದರೆ ಅದು ಈಗಲೇ ಮತ್ತೆ ನಡೆಯುತ್ತಿದೆ ಎಂಬಂತೆ ಮೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ. ಸಭೆಗೆ ಇನ್ನೂ ಕಾಲ ಬಂದಿಲ್ಲ. ಇಂತಹ ನಡುಕ, ಕೆಟ್ಟ ಕನಸು, ನಿದ್ದೆಗೇಡು ಒಂದು ತಿಂಗಳು ದಾಟಿಯೂ ಮುಂದುವರಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೇಳುವ ಮುನ್ನ ಬರೆಯಿರಿ. ಜೇಮ್ಸ್ ಪೆನ್ನೆಬೇಕರ್ ಎಂಬ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಕಹಿ ಘಟನೆಯನ್ನು ಕುರಿತು ಬರೆದರು. ನಡೆದದ್ದನ್ನೂ ಅದರ ಭಾವನೆಗಳನ್ನೂ ಕೂಡಿಸಿ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಭಾರವಾಯಿತಾದರೂ, ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆಯಲು ಬಾರದವರು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಆಮೇಲೆ ಅಳಿಸಿಬಿಡಬಹುದು. ಇದು ಯಾರಿಗೂ ತೋರಿಸಲಿಕ್ಕಲ್ಲ. ಕಾಳು ಯಾವುದು, ಹೊಟ್ಟು ಯಾವುದು ಎಂದು ನೀವೇ ತೂರಿ ನೋಡಿಕೊಳ್ಳಲಿಕ್ಕೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಈ ಕಥೆ ಯಾರದು? ನಾನೇ ಒಮ್ಮೆ ಒಂದು ಸಮಾರಂಭದಲ್ಲಿ, ಚಪ್ಪಾಳೆಯ ಹುರುಪಿನಲ್ಲಿ, ತೊಗರಿ ಒಣಗಿದ ವರ್ಷ ತಮ್ಮ ಮಾಡಿದ್ದ ಸಾಲದ ವಿಷಯವನ್ನು ಹೇಳಿಬಿಟ್ಟೆ. ಅದು ನನ್ನ ಕಷ್ಟದ ಭಾಗವೇ ಆಗಿತ್ತು, ಸುಳ್ಳೇನೂ ಇರಲಿಲ್ಲ. ಆದರೂ ಅವನು ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗುವವರೆಗೂ ನನ್ನೊಡನೆ ಮಾತು ಬಿಟ್ಟಿದ್ದ. ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಕಥೆಯಲ್ಲಿ ಬರುವ ಪ್ರತಿಯೊಬ್ಬರೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆಂದು ಎಣಿಸಿ ಹೇಳಿ ನೋಡುತ್ತೇನೆ. ನಾಲಿಗೆ ತಡವರಿಸಿದ ಕಡೆ ಅವರ ಒಪ್ಪಿಗೆ ಕೇಳುತ್ತೇನೆ ಇಲ್ಲವೇ ಆ ಭಾಗವನ್ನು ಬಿಡುತ್ತೇನೆ. ಹೆಸರು ಮರೆಮಾಡಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ನಮ್ಮ ಊರುಗಳಲ್ಲಿ ಅದು ನಡೆಯುವ ಮಾತಲ್ಲ. ಓಣಿ, ಅಡ್ಡಹೆಸರು, ಗುಳೆ ಹೋದ ಪಟ್ಟಣ, ಇಷ್ಟು ಹೇಳಿದರೆ ಕಟ್ಟೆಯ ಮೇಲೆ ಕುಳಿತವರು ಮನೆ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅತ್ಯಾಚಾರದಂತಹ ಅಪರಾಧಗಳಲ್ಲಿ ನೊಂದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಶಿಕ್ಷಾರ್ಹ; ವಯಸ್ಕರಾದ ನೊಂದವರು ತಾವೇ ಹೇಳಿಕೊಳ್ಳಬಹುದು, ಅವರ ಪರವಾಗಿ ಪ್ರಕಟಿಸುವವರಿಗೆ ಅವರ ಲಿಖಿತ ಒಪ್ಪಿಗೆ ಬೇಕು.

ಹೇಳುವಾಗ ನಡುವಿನ ಕಾಲವನ್ನು ನುಂಗಬೇಡಿ. ಬಹುತೇಕ ಕಥೆಗಳು ಪ್ರವಾಹದಿಂದ ನೇರವಾಗಿ ಪ್ರಶಸ್ತಿಗೆ ಹಾರುತ್ತವೆ. ಕೇಳುವವರಲ್ಲಿ ಯಾರಾದರೂ ಇನ್ನೂ ನೀರಿನ ನಡುವೆಯೇ ಇದ್ದರೆ ಅವರಿಗೆ ಅದರಿಂದ ಆಗುವುದು ನಾಚಿಕೆಯೊಂದೇ. "ಪ್ರವಾಹ ನನ್ನನ್ನು ಗಟ್ಟಿ ಮಾಡಿತು" ಎಂಬ ವಾಕ್ಯ ಯಾರ ಬಾಯಲ್ಲಿಯೂ ಕೂಡುತ್ತದೆ. ಅದರ ಬದಲು, "ಜೋರು ಮಳೆ ಬಂದರೆ ಇವತ್ತಿಗೂ ನಡುರಾತ್ರಿ ಎದ್ದು ಕೂಡುತ್ತೇನೆ, ಮೊದಲೆಲ್ಲ ಒಬ್ಬಳೇ ಕೂಡುತ್ತಿದ್ದೆ, ಈಗ ಎದುರುಮನೆಯ ಮುದುಕಿಯನ್ನೂ ಎಬ್ಬಿಸಿ ಕರೆತರುತ್ತೇನೆ" ಎಂದರೆ ಅಂಜಿಕೆಯೂ ಬೆಳವಣಿಗೆಯೂ ಒಟ್ಟಿಗೇ ಕಾಣುತ್ತವೆ. ಸಹಾಯ ಯಾರು ಮಾಡಿದರು, ಎಲ್ಲಿ ಎರಡನೆಯ ಸಲ ಜಾರಿದಿರಿ, ಯಾವ ಔಷಧಿ ತೆಗೆದುಕೊಂಡಿರಿ ಎಂಬುದನ್ನು ಸಂಕೋಚವಿಲ್ಲದೆ ಸೇರಿಸಿ. ಆತ್ಮಹತ್ಯೆಯ ಪ್ರಸ್ತಾಪ ಬಂದರೆ ಮಾತ್ರ ಅದರ ವಿಧಾನವನ್ನು ವಿವರಿಸಲೇಬಾರದು.

ಮೊಹರಂ ದಿನಗಳಲ್ಲಿ ನಮ್ಮ ಕಡೆ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುವ ರಿವಾಯತ್ ಪದಗಳನ್ನು ಕೇಳಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕರ್ಬಲಾದ ದುಃಖವನ್ನು ಹಾಡುವವನಿಗೆ "ಇದರಿಂದ ನೀ ಏನು ಕಲಿತಿ" ಎಂದು ಯಾರೂ ಕೇಳುವುದಿಲ್ಲ. ಸುತ್ತ ನಿಂತವರು ಸೊಲ್ಲು ಎತ್ತಿಕೊಂಡು ದನಿಗೂಡಿಸುತ್ತಾರೆ. ನಿಮಗೂ ಮೊದಲ ಸಲ ಅಂತಹ ಕೇಳುಗರೇ ಬೇಕು. ನೂರು ಜನರ ಸಭೆಗಿಂತ ಸ್ವಸಹಾಯ ಸಂಘದ ಹತ್ತು ಜನ ಮೇಲು. ಫೋಟೊ, ವಿಡಿಯೊ ಬೇಡವೆಂದು ಮೊದಲೇ ಹೇಳಿ. ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದೆಂದು ಎಲ್ಲರಿಂದ ಮಾತು ತೆಗೆದುಕೊಳ್ಳಿ. ಮನೆಗೆ ಹೋಗುವಾಗ ಜೊತೆಗೊಬ್ಬರಿರಲಿ, ಮರುದಿನ ಭಾರದ ಕೆಲಸ ಇಟ್ಟುಕೊಳ್ಳಬೇಡಿ, ಯಾಕೆಂದರೆ ಹಗುರಾಗುವ ಮೊದಲು ಒಂದೆರಡು ದಿನ ಎದೆ ಇನ್ನಷ್ಟು ಭಾರವೆನಿಸುವುದುಂಟು.

ಒಮ್ಮೆ ಚೆನ್ನಾಗಿ ಹೇಳಿದಿರೆಂದರೆ ಮತ್ತೆ ಮತ್ತೆ ಕರೆ ಬರುತ್ತದೆ. ಮಹಿಳಾ ದಿನಾಚರಣೆಗೊಂದು, ಕಾಲೇಜಿನ ಕಾರ್ಯಕ್ರಮಕ್ಕೊಂದು. ಕರೆದವರಿಗೆ ಕಾರಣ ಕೊಡಬೇಕಾಗಿಲ್ಲ. "ಇವತ್ತು ಬ್ಯಾಡ್ರಿ" ಎಂದರೆ ಸಾಕು.