ಊರಿನ ನೆಗೆಟಿವ್‌ಗಳು ಊರಲ್ಲೇ ಉಳಿದವು: ಮೆಕೆಂಜಿ ಡೆಲ್ಟಾದಲ್ಲಿ ಫ್ರೀಜರ್ ಪದ್ಧತಿ

ಕಳೆದ ಫೆಬ್ರುವರಿಯಲ್ಲಿ ನಮ್ಮ ಹಳೆಯ ಫೋಟೊ ನೆಗೆಟಿವ್ ಸಂಗ್ರಹದ ಮೊದಲ ಪೊಟ್ಟಣಗಳನ್ನು ಫ್ರೀಜರಿನಿಂದ ಹೊರತೆಗೆದು, ಒಂದು ಇಡೀ ದಿನ ಬಿಚ್ಚದೆ ಮೇಜಿನ ಮೇಲೆ ಇರಿಸಿ, ಬಳಿಕ ಒಳಗೆ ಎ-ಡಿ ಪಟ್ಟಿ (ಕೊಳೆಯುವ ಫಿಲ್ಮಿನ ಆಮ್ಲಕ್ಕೆ ನೀಲಿಯಿಂದ ಹಸಿರಿಗೆ, ಹಳದಿಗೆ ತಿರುಗುವ ಕಾಗದ) ಇಟ್ಟು ಪರೀಕ್ಷಿಸಿದೆವು. ಸುಮಾರು ಎಂಟು ವರ್ಷಗಳ ಹಿಂದೆ ಒಳಗಿಡುವಾಗ ಪಟ್ಟಿಯ ನೀಲಿ ಎಷ್ಟು ಹಸಿರಿಗೆ ತಿರುಗಿತ್ತೋ, ಈಗಲೂ ಅಷ್ಟಕ್ಕೇ ನಿಂತಿತು. ಅದೇ ಕುಟುಂಬದ, ಅದೇ ಕಾಲದ, ಆದರೆ ಮನೆಯ ಕಪಾಟಿನಲ್ಲಿಯೇ ಉಳಿದಿದ್ದ ಇನ್ನೊಂದು ಡಬ್ಬಿಯ ನೆಗೆಟಿವ್‌ಗಳಲ್ಲಿ ಪಟ್ಟಿ ಹಳದಿಗೆ ಹೋಗಿತ್ತು. ಮುಚ್ಚಳ ತೆರೆದರೆ ವಿನೆಗರ್ ವಾಸನೆ ಮೂಗಿಗೆ ರಾಚುತ್ತಿತ್ತು, ಫಿಲ್ಮಿನ ಅಂಚು ಕುಗ್ಗಿ ಚಿತ್ರ ಹಿಡಿದಿರುವ ಎಮಲ್ಷನ್ ಪದರ ಮಡಿಕೆಬಿದ್ದಿತ್ತು. ನೆಗೆಟಿವ್‌ಗಳನ್ನು ಚೀಲದಲ್ಲಿ ಮುಚ್ಚಿ ಮನೆಬಳಕೆಯ ಫ್ರೀಜರಿನಲ್ಲಿಡುವ ಈ ಪದ್ಧತಿ ನಡೆಯುವುದಿಲ್ಲ ಎಂದು ಹೇಳಿದವರು ಹಲವರಿದ್ದರು. ಅವರಿಗೆ ಉತ್ತರ ಈಗ ಸಿಕ್ಕಿದೆ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ. ಫೋಟೊ ಸಂರಕ್ಷಣೆಯ ಮೂಲಪಾಠ ಬಲ್ಲವರಿಗಾಗಿ ಬರೆಯುತ್ತಿರುವುದರಿಂದ ಫಿಲ್ಮಿನ ತಳಹಾಳೆಯಾದ ಅಸಿಟೇಟ್ ಪ್ಲಾಸ್ಟಿಕ್ ಏಕೆ ಕೊಳೆಯುತ್ತದೆ ಎಂಬ ವಿವರಣೆಗೆ ಹೋಗುವುದಿಲ್ಲ.

ನಾನು ಕೆಲಸ ಮಾಡುವುದು ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ, ಮೆಕೆಂಜಿ ನದಿ ಆರ್ಕ್ಟಿಕ್ ಸಾಗರವನ್ನು ಸೇರುವ ಡೆಲ್ಟಾದ ಒಂದು ಸಣ್ಣ ಊರಿನಲ್ಲಿ. ಇಲ್ಲಿನವರು ಇನುವಿಯಾಲುಯಿಟ್ ಮತ್ತು ಗ್ವಿಚಿನ್ ಎಂಬ ಮೂಲನಿವಾಸಿ ಜನ. ಸಂಗ್ರಹ ಸರ್ಕಾರದ್ದಲ್ಲ, ಕುಟುಂಬಗಳದ್ದು. ಹಿಮಸಾರಂಗ ಸಾಕಣೆಯ ಕಾಲದ ಚಿತ್ರಗಳಿವೆ: 1929ರಲ್ಲಿ ಅಲಾಸ್ಕಾದಿಂದ ಹೊರಟ ಸುಮಾರು 3,000 ಹಿಮಸಾರಂಗಗಳ ಹಿಂಡು 1935ರಲ್ಲಿ ಡೆಲ್ಟಾ ಮುಟ್ಟಿದ ಮೇಲೆ, ಅದನ್ನು ನೋಡಿಕೊಂಡವರ ಬದುಕು ಅವುಗಳಲ್ಲಿದೆ. 1950ರ ದಶಕದ ನಡುವಿನಲ್ಲಿ ಶೀತಲ ಸಮರದ ಕಾಲದ ವಾಯುದಾಳಿ ಮುನ್ಸೂಚನೆಯ ಡ್ಯೂ ಲೈನ್ ರೇಡಾರ್ ಠಾಣೆಗಳನ್ನು ಕಟ್ಟಲು ಹೋದ ಗಂಡಸರು ಕೊಂಡ ಕ್ಯಾಮೆರಾಗಳಿಂದ ಬಂದ ರೋಲ್‌ಗಳಿವೆ. ಡೆಲ್ಟಾದ ಹಳೆಯ ಊರಾದ ಅಕ್ಲಾವಿಕ್ ನೆರೆಗೆ ಸಿಗುವ ಜಾಗವೆಂದು ಇನುವಿಕ್ ಪಟ್ಟಣವನ್ನು ಹೊಸದಾಗಿ ಕಟ್ಟಿದ ವರ್ಷಗಳ ಚಿತ್ರಗಳಿವೆ. ಇವೆಲ್ಲದರ ಜೊತೆಗೆ ವ್ಯಾಪಾರಿಗಳ ಲೆಕ್ಕದ ಪುಸ್ತಕಗಳು ಮತ್ತು ಹಿರಿಯರ ಮಾತಿನ ಕ್ಯಾಸೆಟ್‌ಗಳು.

ಲೆಕ್ಕದ ಪುಸ್ತಕದ ಒಂದು ಪುಟವನ್ನು ಹೇಳಲೇಬೇಕು. ಎಡಗಡೆ ಒಬ್ಬ ಬೇಟೆಗಾರನ ಸಾಲ: ಹಿಟ್ಟು, ಚಹಾ, ಸಕ್ಕರೆ, ಪಾಯಿಂಟ್ 22 ತೋಟಾ, ಹನ್ನೆರಡು ಬೋನು, ದೋಣಿಗೆ ಕ್ಯಾನ್ವಾಸ್. ಬಲಗಡೆ ಜಮೆ: ಮಸ್ಕ್‌ರ್ಯಾಟ್ ಎಂಬ ನೀರಿಲಿಯ ಚರ್ಮಗಳ ಎಣಿಕೆ. ಮಾರ್ಚ್ ತನಕ ಬಲಗಡೆ ಹೆಚ್ಚುಕಡಿಮೆ ಖಾಲಿ. ಮಂಜುಗಡ್ಡೆ ಒಡೆದು ದೋಣಿಯಿಂದ ಗುಂಡು ಹೊಡೆಯುವ ಕಾಲ ಬಂದಾಗ ಒಂದೇ ಸಲಕ್ಕೆ ನೂರಾರು. ಆ ಮನೆಯ ಇಡೀ ವರ್ಷದ ಉಸಿರು ಆ ಒಂದು ಪುಟದಲ್ಲಿದೆ. ಇಂಥ ಪುಸ್ತಕ ಊರಿನ ಮೊಮ್ಮಕ್ಕಳ ಕೈಗೆ ಸಿಗಬೇಕು ಎಂಬುದು ನನ್ನ ಹಟ. ಚರ್ಮದ ವ್ಯಾಪಾರ ನಡೆಸಿದ ಹಡ್ಸನ್ಸ್ ಬೇ ಕಂಪನಿಯ ಶತಮಾನಗಳ ದಾಖಲೆ ದೂರದ ದಕ್ಷಿಣದ ವಿನ್ನಿಪೆಗ್‌ನಲ್ಲಿ ಬಹಳ ಚೆನ್ನಾಗಿ ಉಳಿದಿದೆ, ಅದನ್ನು ಗೌರವಿಸುತ್ತೇನೆ. ಆದರೆ ಡೆಲ್ಟಾದ ಅಜ್ಜಿಯೊಬ್ಬರು ತಮ್ಮ ತಂದೆಯ ಹೆಸರು ಹುಡುಕಲು ಅಲ್ಲಿಗೆ ಹೋಗಲಾರರು. ಮಂಗಳೂರಿನ ಬಾಸೆಲ್ ಮಿಷನ್ನಿನ ಹಳೆಯ ಚಿತ್ರಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಗ್ರಹದಲ್ಲಿ ಹುಡುಕಬೇಕಾದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸೋತ ದಾರಿಗಳ ಕಥೆ. ಮೊದಲ ಚಳಿಗಾಲದಲ್ಲಿ, ಅನುದಾನದ ಹಣದಲ್ಲಿ, ಸಮುದಾಯ ಭವನದ ಒಂದು ಕೋಣೆಯನ್ನು ಸಂರಕ್ಷಣೆಯ ಪುಸ್ತಕದಲ್ಲಿ ಹೇಳಿದಂತೆ ಸಜ್ಜುಗೊಳಿಸಿದರು. ಹೊರಗೆ ಮೈನಸ್ 30 ಇರುವಾಗ ಆ ಗಾಳಿಯನ್ನು ಒಳಗೆ 20 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡ 2ರ ಆಸುಪಾಸಿಗೆ ಇಳಿಯುತ್ತದೆ. ಮನೆಯೊಳಗಿನ ಅಡುಗೆ, ಉಸಿರು ಸೇರಿ ಹೇಗೋ ಹತ್ತು-ಹದಿನೈದರ ಆಸುಪಾಸು ನಿಲ್ಲುತ್ತದೆ. ಅದನ್ನು ನಲವತ್ತಕ್ಕೆ ಏರಿಸಲು ಹ್ಯುಮಿಡಿಫೈಯರ್ ತಂದರು. ಕೋಣೆಯ ಮಾಪಕದಲ್ಲಿ ನಲವತ್ತು ತೋರಿತು, ನಿಜ. ಆದರೆ ಆ ನೀರೆಲ್ಲ ಹೊರಗೋಡೆಯ ಒಳಪದರಕ್ಕೆ ಹೋಗಿ ಹಿಮವಾಗಿ ಕೂತು, ಏಪ್ರಿಲ್‌ನಲ್ಲಿ ಕರಗಿ ಇಳಿಯಿತು. ಮೇ ತಿಂಗಳಲ್ಲಿ ಕೆಳಗಿನ ಕಪಾಟಿನ ಡಬ್ಬಿಗಳ ಮೇಲೆ ಬೂಸ್ಟು ಕಂಡಿತು. ಯಂತ್ರ, ಸಾಗಣೆ, ಗೋಡೆಯ ದುರಸ್ತಿ ಎಲ್ಲ ಸೇರಿ ಹದಿನೆಂಟು ಸಾವಿರ ಡಾಲರಿನ ಹತ್ತಿರ ಹೋಗಿರಬೇಕು.

ಎರಡನೆಯದು, ಹೊರಗಿನ ಚಳಿಯನ್ನೇ ಪುಕ್ಕಟೆಯಾಗಿ ಬಳಸುವ ಉಪಾಯ. ಕಾಯಿಸದ ಒಂದು ಷೆಡ್ಡಿನಲ್ಲಿ ಪ್ರಯೋಗಕ್ಕೆಂದು ಬೆಲೆಯಿಲ್ಲದ ನಕಲು ನೆಗೆಟಿವ್‌ಗಳನ್ನು ಇಟ್ಟೆವು. ಚಳಿಗಾಲ ಸೊಗಸಾಗಿ ಕಳೆಯಿತು. ಜೂನ್‌ನಲ್ಲಿ ಸೂರ್ಯ ಮುಳುಗದೆ ತಗಡಿನ ಮಾಡು ಕಾದಾಗ ಒಳಗೆ 30 ಡಿಗ್ರಿ ದಾಟಿತು. ಶರತ್ಕಾಲದಲ್ಲಿ ದಿನವೂ ಹೆಪ್ಪುಗಟ್ಟಿ ದಿನವೂ ಕರಗುವ ವಾರಗಳು ಬಂದವು. ಎರಡನೆಯ ವರ್ಷಕ್ಕೆ ಆ ನಕಲುಗಳಲ್ಲಿ ಎಮಲ್ಷನ್ ಮೂಲೆಗಳಲ್ಲಿ ಏಳತೊಡಗಿತು.

ಮೂರನೆಯ ಪ್ರಯೋಗದ ಮೇಲೆ ಊರಿನವರಿಗೆಲ್ಲ ಆಸೆಯಿತ್ತು. ಉತ್ತರದಲ್ಲಿ ಮಾಂಸ, ಮೀನು ಇಡಲು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನಿತ್ಯಹಿಮದ ನೆಲದೊಳಗೆ ಕೋಣೆ ಕೊರೆಯುವುದುಂಟು. ಕರಾವಳಿಯ ಊರಾದ ಟುಕ್ಟೊಯಾಕ್ಟುಕ್‌ನ ಹಿಮಮನೆ ಸುಮಾರು 30 ಅಡಿ ಆಳದ್ದು. ಪಕ್ಕದ ಯೂಕಾನ್ ಪ್ರದೇಶದ ಡಾಸನ್ ನಗರದಲ್ಲಿ ಹಳೆಯ ಈಜುಕೊಳ ತುಂಬಲು ಸುರಿದಿದ್ದ, ಹಳೆಯ ಬಗೆಯ ನೈಟ್ರೇಟ್ ಫಿಲ್ಮಿನ ಐನೂರಕ್ಕೂ ಹೆಚ್ಚು ರೀಲ್‌ಗಳು 1978ರಲ್ಲಿ ನೆಲದಿಂದ ಸಿಕ್ಕಿದ್ದನ್ನು ಎಲ್ಲರೂ ಉದಾಹರಿಸುತ್ತಿದ್ದರು. ಆ ರೀಲ್‌ಗಳ ಅಂಚಿನಲ್ಲಿ ನೀರು ತಿಂದ ಬಿಳಿ ಕಲೆಗಳನ್ನು ನೋಡಿದವರು ಹಾಗೆ ಹೇಳಲಾರರು. ಬೇಟೆಗಾರ ಮಿತ್ರರೊಬ್ಬರ ನೆಲಮಾಳಿಗೆಯಲ್ಲಿ ತೇವಾಂಶದ ಮಾಪಕ ಇಟ್ಟು ನೋಡಿದರೆ ಹೆಚ್ಚುಕಡಿಮೆ ನೂರು. ಛಾವಣಿಯಿಂದ ಹಿಮದ ಹರಳುಗಳು ಬೆರಳುದ್ದ ತೂಗುತ್ತಿದ್ದವು. ಬರಿ ಡಬ್ಬಿಯನ್ನು ಅಲ್ಲಿಡುವುದೆಂದರೆ ನಿಧಾನವಾಗಿ ನೆನೆಹಾಕಿದಂತೆಯೇ. ಚೀಲದಲ್ಲಿ ಮುಚ್ಚಿದ ಪೊಟ್ಟಣ ಮಾತ್ರ ಅಲ್ಲಿಯೂ ಒಣಗಿಯೇ ಉಳಿಯಿತು. ನಮಗೆ ದಾರಿ ತೋರಿದ್ದು ಅದೇ. ಆದರೆ ಡೆಲ್ಟಾದ ನಿತ್ಯಹಿಮ ಕರಗುತ್ತಿರುವ ಈ ದಿನಗಳಲ್ಲಿ ನೆಲವನ್ನು ನಂಬಿ ಐವತ್ತು ವರ್ಷದ ಯೋಜನೆ ಹಾಕುವ ಧೈರ್ಯ ನನಗಿಲ್ಲ.

ಈ ಹಂತದಲ್ಲಿ ದಕ್ಷಿಣದ ಒಂದು ಸಲಹಾ ಸಂಸ್ಥೆ ಶೀತಲ ಕೋಣೆಗೆ ಅಂದಾಜು ಕೊಟ್ಟಿತು: ಮೂರು ಲಕ್ಷ ಡಾಲರಿಗೂ ಮೇಲೆ. ಅಷ್ಟಾಗದಿದ್ದರೆ ಎಲ್ಲವನ್ನೂ ದಕ್ಷಿಣಕ್ಕೆ ಕಳುಹಿಸಿ ಎಂಬುದು ಅವರ ಎರಡನೆಯ ಸಲಹೆ. ಕುಟುಂಬಗಳು ಒಪ್ಪಲಿಲ್ಲ. ಹಾಗಾದರೆ ಮನೆಬಳಕೆಯ ಫ್ರೀಜರ್ ಸಾಕು ಎಂದು ನಾನು ಹೇಳಿದಾಗ, ಅಲ್ಲಿಂದ ಬಂದಿದ್ದ ತಜ್ಞರೊಬ್ಬರು ಮೀನು ಇಡುವ ಪೆಟ್ಟಿಗೆಯಲ್ಲಿ ಇತಿಹಾಸ ಇಡಬಾರದು ಎಂದು ಸಭೆಯಲ್ಲೇ ಹೇಳಿದರು.

ಮುಚ್ಚಿದ ಪೊಟ್ಟಣವನ್ನು ಫ್ರಾಸ್ಟ್-ಫ್ರೀ, ಅಂದರೆ ಒಳಗೆ ಹಿಮ ಕಟ್ಟದ, ಫ್ರೀಜರಿನಲ್ಲಿ ಇಡುವುದು ನನ್ನ ಶೋಧವಲ್ಲ. ನಮ್ಮ ವೃತ್ತಿಯವರಿಗೆಲ್ಲ ಅದು ಗೊತ್ತಿರುವ ವಿಧಾನ. ಒಳಚೀಲ, ಹೊರಚೀಲ, ನಡುವೆ ತೇವ ಹೀರುವ ದಪ್ಪ ರಟ್ಟಾದ ಮೌಂಟ್ ಬೋರ್ಡು, ಕಾಣುವ ಹಾಗೆ ತೇವಾಂಶ ಸೂಚಿಸುವ ಕಾರ್ಡು, ಮೈನಸ್ 18 ಡಿಗ್ರಿ. ನಾನು ಸೇರಿಸಿದ್ದು ಋತುವನ್ನು. ಬೇರೆಡೆ ಎಲ್ಲರೂ ಬೋರ್ಡನ್ನು ಒಣಗಿಸಲು ಸಿಲಿಕಾ ಜೆಲ್, ಯಂತ್ರ, ವಿಶೇಷ ಕೋಣೆ ಎಂದು ಒದ್ದಾಡುತ್ತಾರೆ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರುವರಿಯ ತನಕ ಕೋಣೆಯ ಗಾಳಿಯೇ ಅದನ್ನು ಮಾಡಿಕೊಡುತ್ತದೆ. ಇಡೀ ವರ್ಷದ ಪ್ಯಾಕಿಂಗನ್ನು ಈ ಮೂರು ತಿಂಗಳಿಗೇ ಇಟ್ಟುಕೊಂಡೆವು. ಗಾಳಿ ಇಪ್ಪತ್ತಕ್ಕಿಂತ ಕೆಳಗಿಳಿದರೆ ಎಮಲ್ಷನ್ ಬಿಗಿದು ಫಿಲ್ಮು ಸುರುಳಿಯಾಗುತ್ತದೆ, ಆದ್ದರಿಂದ ಪಕ್ಕದ ಕೋಣೆಯಲ್ಲಿ ಚಹಾದ ಕೆಟಲ್ ಕುದಿಸಿ, ನಡುವಿನ ಬಾಗಿಲು ಎಷ್ಟು ತೆರೆಯಬೇಕೆಂದು ಕಲಿತು, ಮೂವತ್ತರ ಸುತ್ತ ನಿಲ್ಲಿಸುತ್ತೇವೆ. ಬೋರ್ಡು ಅಲ್ಲಿ ಎರಡು ವಾರ ಬಿಚ್ಚಿಟ್ಟಿರಬೇಕು. ಚೀಲದ ಬಾಯಿ ಒತ್ತುವ ಮೊದಲು ನಾವು ಮಾಡುವ ಇನ್ನೊಂದು ಕೆಲಸವಿದೆ, ಪೊಟ್ಟಣಗಳನ್ನು ಫ್ರೀಜರಿನಲ್ಲಿ ಜೋಡಿಸುವ ಒಂದು ಕ್ರಮವಿದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ, ಬಂದು ಕಲಿಯುವವರಿಗೆ ಕೈಯಿಂದಲೇ ತೋರಿಸುತ್ತೇನೆ. ಮಂಗಳೂರು, ಕಾರವಾರದ ಕಡೆ ಇದನ್ನು ಮಾಡಬಯಸುವವರು ಒಂದು ಮಾತು ನೆನಪಿಡಬೇಕು: ಅಲ್ಲಿನ ಗಾಳಿಯಲ್ಲಿ ಮುಚ್ಚಿದ ಚೀಲ ತೇವವನ್ನೇ ಒಳಗೆ ಬಂಧಿಸಿಡುತ್ತದೆ, ಬೋರ್ಡನ್ನು ಒಣಗಿಸದೆ ಮುಟ್ಟಲೇಬೇಡಿ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನೆಟ್ಟಗೆ ನಿಲ್ಲುವ ಫ್ರೀಜರ್ ಒಂದಕ್ಕೆ ದಕ್ಷಿಣದ ಎಡ್ಮಂಟನ್ನಿನಲ್ಲಿ ಸಾವಿರದ ಮುನ್ನೂರು, ನಾನೂರು ಡಾಲರ್. ಡೆಂಪ್‌ಸ್ಟರ್ ಹೆದ್ದಾರಿಯ ಲಾರಿಯಲ್ಲಿ ಬರಲು ಇನ್ನೂ ಐನೂರು, ಆರುನೂರು. ಮೂರು ಕೊಂಡೆವು. ಒಂದೊಂದರಲ್ಲಿ ಆರು ಸಾವಿರದಷ್ಟು ನೆಗೆಟಿವ್ ಹಿಡಿಯುತ್ತವೆ. ಚೀಲ, ಬೋರ್ಡು, ಕಾರ್ಡುಗಳಿಗೆ ಮೊದಲ ವರ್ಷ ಎರಡು ಸಾವಿರ ಆಗಿತ್ತು. ವಿದ್ಯುತ್ತು ಫ್ರೀಜರೊಂದಕ್ಕೆ ವರ್ಷಕ್ಕೆ ಮುನ್ನೂರು ಡಾಲರಿನ ಆಸುಪಾಸು. ಮೊದಲ ವರ್ಷ ಎಲ್ಲವೂ ಸೇರಿ ಹತ್ತು ಸಾವಿರದೊಳಗೆ ಕೆಲಸ ಮುಗಿಯಿತು, ಮೂರು ಲಕ್ಷದ ಅಂದಾಜಿನ ಎದುರು. ಈ ಹೋಲಿಕೆಯನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಕರೆಂಟ್ ಹೋದರೇನು ಎಂಬುದು ಎಲ್ಲರ ಪ್ರಶ್ನೆ. ನಮ್ಮ ಊರು ನಡೆಯುವುದೇ ಡೀಸೆಲ್ ಜನರೇಟರಿನ ಮೇಲೆ, ವರ್ಷಕ್ಕೆ ಕೆಲವು ಸಲ ನಿಂತೇ ನಿಲ್ಲುತ್ತದೆ. ತುಂಬಿದ ಫ್ರೀಜರ್ ಒಂದು ದಿನ ಚಳಿ ಹಿಡಿದಿಡುತ್ತದೆ. ಅದು ಕರಗಿದರೂ ಪೊಟ್ಟಣ ಮುಚ್ಚಿರುವಷ್ಟು ಹೊತ್ತು ಒಳಗೆ ನೀರು ಕೂರುವುದಿಲ್ಲ, ಕಾರ್ಡು ಅದನ್ನು ಸಾಬೀತುಪಡಿಸಿದೆ. ನೆರೆಯ ಭಯ ಇದಕ್ಕಿಂತ ದೊಡ್ಡದು. 2006ರ ಮೇ ತಿಂಗಳಲ್ಲಿ ಅಕ್ಲಾವಿಕ್‌ಗೆ ನೀರು ನುಗ್ಗಿ ಜನರನ್ನು ಸಾಗಿಸಬೇಕಾದದ್ದು ಇಲ್ಲಿ ಯಾರೂ ಮರೆತಿಲ್ಲ. ಫ್ರೀಜರ್‌ಗಳನ್ನು ಮೇಲಂತಸ್ತಿನಲ್ಲಿ ಇಟ್ಟಿದ್ದೇವೆ. ಪೊಟ್ಟಣಗಳು ಇಬ್ಬರು ಹೊತ್ತು ಇಳಿಸುವ ತೂಕದ ಪೆಟ್ಟಿಗೆಗಳಲ್ಲಿವೆ. ನೈಟ್ರೇಟ್ ಮಾತ್ರ ಊರಲ್ಲಿಟ್ಟಿಲ್ಲ. ಬೆಂಕಿಯ ಅಪಾಯ ಇರುವ ಆ ಕೆಲವು ರೋಲ್‌ಗಳನ್ನು ಸ್ಕ್ಯಾನ್ ಮಾಡಿಕೊಂಡು, ಅದಕ್ಕೆಂದೇ ಕಟ್ಟಿದ ಉಗ್ರಾಣಕ್ಕೆ ಕುಟುಂಬದವರ ಒಪ್ಪಿಗೆಯಿಂದಲೇ ಕಳುಹಿಸಿದೆವು.

ಪಕ್ಕದ ಪ್ರಯೋಗಗಳಲ್ಲಿ ಒಂದು ಚೆನ್ನಾಗಿ ಫಲಿಸಿತು. ದಾನವಾಗಿ ಬಂದ ಕೆಲವು ಹಳೆಯ ರೀಲ್ ಟೇಪ್‌ಗಳು ಯಂತ್ರಕ್ಕೆ ಅಂಟಿಕೊಂಡು ಕಿರುಚುತ್ತಿದ್ದವು. ಅಂಥ ಟೇಪನ್ನು 50 ಡಿಗ್ರಿಯ ಹತ್ತಿರ ಎಂಟು ಗಂಟೆ ಬಿಸಿಯಿಡುವುದು ತಿಳಿದ ವಿದ್ಯೆಯೇ. ಪ್ರಯೋಗಾಲಯದ ಒಲೆಗೆ ಬದಲಾಗಿ ಇಲ್ಲಿನ ಮನೆಗಳಲ್ಲಿ ಮಾಂಸ ಒಣಗಿಸುವ ವಿದ್ಯುತ್ ಡಿಹೈಡ್ರೇಟರ್ ಬಳಸಿದೆ. ಎಂಬತ್ತು ಡಾಲರಿನ ಯಂತ್ರ. ಪಾಲಿಯೆಸ್ಟರ್ ಟೇಪಿಗೆ ಮಾತ್ರ, ಅಸಿಟೇಟ್ ಟೇಪಿಗೆ ಖಂಡಿತ ಬೇಡ. ಟೇಪ್‌ಗಳನ್ನು ಫ್ರೀಜರಿಗೂ ಹಾಕುವುದಿಲ್ಲ. ಹೀಗೆ ಉಳಿದ ಒಂದು ಟೇಪಿನಲ್ಲಿ 1970ರ ದಶಕದ ನಡುವಿನಲ್ಲಿ, ಗ್ಯಾಸ್ ಸಾಗಿಸುವ ಯೋಜನೆಯ ಬಗ್ಗೆ ಸರ್ಕಾರ ನಡೆಸಿದ ಬರ್ಗರ್ ವಿಚಾರಣೆಯ ದಿನಗಳಲ್ಲಿ, ಆ ಪೈಪ್‌ಲೈನ್ ಬಂದರೆ ತಮ್ಮ ಬೋನಿನ ದಾರಿಗಳಿಗೆ ಏನಾಗುತ್ತದೆ ಎಂದು ಊರಿನ ಗಂಡಸರು ಮಾತಾಡಿಕೊಂಡ ಒಂದು ಸಂಜೆಯ ಚರ್ಚೆ ಪೂರ್ತಿಯಾಗಿ ಕೇಳಿಸಿತು.

ಆದರೆ ಚಿತ್ರ ಉಳಿದರೆ ಸಾಲದು, ಅದರಲ್ಲಿ ಇರುವವರ ಹೆಸರು ಉಳಿಯಬೇಕು. ಬಹಳಷ್ಟು ಹಳೆಯ ಸರ್ಕಾರಿ ಚಿತ್ರಗಳ ಹಿಂದೆ ಹೆಸರಿಲ್ಲ, ಬರಿ ‘ಎಸ್ಕಿಮೊ ಹೆಂಗಸು’ ಎಂದಿದೆ. 1940ರ ದಶಕದಿಂದ ಮೂರು ದಶಕಗಳ ಕಾಲ ಕುತ್ತಿಗೆಗೆ ಬಿಲ್ಲೆ ಕಟ್ಟಿ ಸಂಖ್ಯೆಯಿಂದ ಜನರನ್ನು ಗುರುತಿಸಿದ ಆಡಳಿತದಿಂದ ಇನ್ನೇನು ಬರಬೇಕು. ಆದ್ದರಿಂದ ಪ್ರತಿ ನೆಗೆಟಿವ್ ಒಳಹೋಗುವ ಮೊದಲು ಅದರ ದೊಡ್ಡ ಪ್ರಿಂಟು ಭವನದ ಮೇಜಿನ ಮೇಲೆ ಒಂದು ತಿಂಗಳಾದರೂ ಇರುತ್ತದೆ. ಪರದೆಯಲ್ಲಿ ತೋರಿಸಿ ನೋಡಿದೆ, ಹಿರಿಯರು ಮಾತಾಡಲಿಲ್ಲ. ಕೈಯಲ್ಲಿ ಹಿಡಿಯುವ ಕಾಗದ ಕೊಟ್ಟಾಗ ಮಾತು ಬಂತು. ಗಂಡಸರು ಮನುಷ್ಯರಿಗಿಂತ ಮೊದಲು ದೋಣಿಯನ್ನು, ಎಂಜಿನ್ನನ್ನು, ಬಂಡಿಯ ಮುಂಚೂಣಿ ನಾಯಿಯನ್ನು ಗುರುತಿಸುತ್ತಾರೆ. ಹೆಂಗಸರು ಪಾರ್ಕಾ ಎಂಬ ಚಳಿಯಂಗಿಯ ಅಂಚನ್ನು ನೋಡುತ್ತಾರೆ. ಡೆಲ್ಟಾ ಟ್ರಿಮ್ ಎಂಬ ಆ ಪಟ್ಟೆಯಲ್ಲಿ ಸಣ್ಣ ಸಣ್ಣ ಬಣ್ಣದ ಬಟ್ಟೆತುಂಡುಗಳನ್ನು ಸಾಲುಸಾಲಾಗಿ ಜೋಡಿಸಿ ಹೊಲಿದಿರುತ್ತಾರೆ. ಕಪ್ಪುಬಿಳುಪಿನ ಚಿತ್ರದಲ್ಲಿ, ಮುಖ ತಿರುಗಿಸಿ ನಿಂತ ಹುಡುಗಿಯೊಬ್ಬಳ ಅಂಗಿಯ ಅಂಚಿನ ಮೇಲೆ ಒಬ್ಬ ಅಜ್ಜಿ ಉಗುರು ಓಡಿಸಿ, ಒಂದು ಮೂಲೆಯಲ್ಲಿ ನಿಂತು, “ಇಲ್ಲಿ ತ್ರಿಕೋನ ಹೀಗೆ ತಿರುಗಿಸುತ್ತಿದ್ದವಳು ನಮ್ಮಕ್ಕ ಒಬ್ಬಳೇ, ಹಾಗಾದರೆ ಇವಳು ಅಕ್ಕನ ಮಗಳೇ” ಎಂದರು. ಮೂವತ್ತಕ್ಕೂ ಹೆಚ್ಚು ಚಿತ್ರಗಳಿಗೆ ಆ ಒಂದು ಮಧ್ಯಾಹ್ನ ಹೆಸರು ಸಿಕ್ಕಿತು. ಈಗ ಹೊಲಿಗೆಯ ವಿನ್ಯಾಸಗಳದ್ದೇ ಬೇರೆ ಸೂಚಿ ಮಾಡುತ್ತಿದ್ದೇವೆ.

ಪ್ಯಾಕಿಂಗ್ ಕೆಲಸವನ್ನು ಈಗ ನಾನು ಮಾಡುವುದಿಲ್ಲ. ಶಾಲೆ ಮುಗಿಸಿದ ಇಬ್ಬರು ಹುಡುಗಿಯರು ನನಗಿಂತ ಚೊಕ್ಕಟವಾಗಿ ಮಾಡುತ್ತಾರೆ. ಅನುದಾನದಲ್ಲಿ ಅವರ ಸಂಬಳಕ್ಕೆ ಜಾಗ ಹುಡುಕುವುದೇ ಈಗ ನನ್ನ ಮುಖ್ಯ ಕೆಲಸ, ಫ್ರೀಜರಿಗೆ ಹಣ ಕೊಡುವವರು ಕೆಲಸ ಮಾಡುವ ಕೈಗೆ ಕೊಡಲು ಹಿಂಜರಿಯುತ್ತಾರೆ. ಮೊದಲ ಫ್ರೀಜರಿನ ಕಂಪ್ರೆಸರ್ ಸದ್ದು ಮಾಡತೊಡಗಿದೆ, ಬದಲಿಸಬೇಕು. ನದಿಯ ಮೇಲ್ಗಡೆಯ ಇನ್ನೊಂದು ಊರಿನವರು ತಮ್ಮಲ್ಲಿಯೂ ಇದನ್ನು ಶುರುಮಾಡಿಕೊಡಿ ಎಂದು ಕೇಳಿದ್ದಾರೆ, ಜನವರಿಯಲ್ಲಿ ಅಲ್ಲಿ ಮೊದಲ ಚೀಲ ಮುಚ್ಚುತ್ತೇವೆ. ಬೋರ್ಡಿಗೆ ಆರ್ಡರ್ ಕೊಟ್ಟಾಗಿದೆ; ಅಕ್ಟೋಬರಿನಲ್ಲಿ ನದಿ ಹೆಪ್ಪುಗಟ್ಟಿ ಡೆಂಪ್‌ಸ್ಟರ್‌ನ ಫೆರಿ ನಿಲ್ಲುವ ಮೊದಲು ಲಾರಿ ಈಚೆ ದಾಟಬೇಕು.